ಜಾಸ್ತಿ ಕೊಡ್ತೀನಿ ಅಂದವರು

ಸೊಪ್ಪಿನ ಗಾಡಿಯ ಮುಂದೆ ಐದು ರೂಪಾಯಿಗೆ ಅರ್ಧ ಗಂಟೆ ಜಗ್ಗಾಡುವ ಜನವೇ ನನ್ನ ಅಂಗಡಿಗೆ ಬಂದು, ಹೇಳಿದ ಬೆಲೆಗಿಂತ ಜಾಸ್ತಿ ಕೊಡುತ್ತೇನೆ ಎಂದು ಹಟ ಹಿಡಿದು ನಿಲ್ಲುತ್ತಾರೆ. ಒಂದು ಸಲ ಆದರೆ ಆಶ್ಚರ್ಯ ಪಡಬಹುದು. ಇಲ್ಲಿ ಅದು ಆಗುತ್ತಲೇ ಇರುತ್ತದೆ.

ನನ್ನದು ಬಸವೇಶ್ವರನಗರದಲ್ಲಿ ಒಂದು ಫೋಟೋ ಸ್ಟುಡಿಯೋ. ಮೊದಲೆಲ್ಲ ಮದುವೆ, ನಾಮಕರಣ, ಸ್ಕೂಲಿನ ಗ್ರೂಪ್ ಫೋಟೋ ಅಂತ ಕೈತುಂಬ ಕೆಲಸವಿತ್ತು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ನನ್ನ ಪಾಲಿಗೆ ಉಳಿದಿರುವುದು ಪಾಸ್‌ಪೋರ್ಟ್ ಸೈಜು ಫೋಟೋ, ಜೆರಾಕ್ಸು, ಲ್ಯಾಮಿನೇಷನ್ನು. ರಸ್ತೆಗೆ ಕಾಣುವಂತಿದ್ದ ದೊಡ್ಡ ಗಾಜಿನ ಶೋಕೇಸು ಖಾಲಿ ಬಿದ್ದಿತ್ತು. ಒಂದು ದಿನ ಹಿಂದಿನ ಕ್ರಾಸಿನವರೊಬ್ಬರು ಮಗಳು ಬಾರಿಸುವುದನ್ನು ಬಿಟ್ಟ ಕೀಬೋರ್ಡು ತಂದು, "ಇಲ್ಲಿಟ್ಟಿರಿ ಸಾರ್, ಯಾರಾದ್ರೂ ಕೇಳಿದ್ರೆ ಕೊಟ್ಬಿಡಿ" ಅಂದರು. ವಾರ ತುಂಬುವುದರೊಳಗೆ ಅದು ಹೋಯಿತು. ಆಮೇಲೆ ಸುದ್ದಿ ಹಬ್ಬಿತು. ಗಿಟಾರು, ಟೆನಿಸ್ ರ‍್ಯಾಕೆಟ್ಟು, ಮೀನಿನ ತೊಟ್ಟಿ, ಕಸೂತಿಯ ಚೌಕಟ್ಟು, ಜನ ಆಸೆಪಟ್ಟು ಕೊಂಡು ಆಸೆ ತೀರಿದ ಮೇಲೆ ಇಟ್ಟುಕೊಳ್ಳಲಾಗದ ಎಲ್ಲವೂ ನನ್ನ ಶೋಕೇಸಿಗೆ ಬರತೊಡಗಿದವು. ನಾನು ಕಮಿಷನ್ ತೆಗೆದುಕೊಳ್ಳುವುದಿಲ್ಲ. ಬಂದವರ ಹತ್ತಿರ ಹರಟೆ ಹೊಡೆಯಲು ಸಿಗುತ್ತದಲ್ಲ, ಅದೇ ಸಾಕು. ನಮ್ಮ ಮನೆಯವಳು ಇದನ್ನು ಸಮಾಜಸೇವೆ ಅನ್ನುತ್ತಾಳೆ. ಅನ್ನುವ ಧಾಟಿ ಮಾತ್ರ ಅಷ್ಟು ಒಳ್ಳೆಯದಾಗಿರುವುದಿಲ್ಲ.

ಯಾವ ಲಿಂಕೂ ಒತ್ಬೇಡಿ

ರಾಜಾಜಿನಗರದ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರೊಬ್ಬರು ತಮ್ಮ ಹಳೆಯ ರೀಲ್ ಕ್ಯಾಮೆರಾ ತಂದಿಟ್ಟರು. ಚರ್ಮದ ಚೀಲ, ಚೀಲಕ್ಕೊಂದು ಪಟ್ಟಿ, ಎಲ್ಲವನ್ನೂ ಎಣ್ಣೆ ಹಚ್ಚಿ ಒರೆಸಿ ತಂದಿದ್ದರು. "ಕಣ್ಣು ಮಂಜಾಗಿದೆ, ಇನ್ನು ನಾನು ಫೋಕಸ್ ಮಾಡಿದ್ರೆ ಎಲ್ಲರೂ ದೆವ್ವದ ಥರ ಬರ್ತಾರೆ. ಎರಡು ಸಾವಿರ ಬಂದ್ರೆ ಸಾಕು" ಅಂದರು.

ಮಾರನೇ ದಿನ ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ನೇತುಹಾಕಿಕೊಂಡಿದ್ದ ಒಬ್ಬ ಹುಡುಗಿ ಜೆರಾಕ್ಸಿಗೆ ಬಂದವಳು ಶೋಕೇಸಿನ ಮುಂದೆ ನಿಂತುಬಿಟ್ಟಳು. ಕ್ಯಾಮೆರಾ ಕೈಗೆತ್ತಿಕೊಂಡು ತಿರುಗಿಸಿ, ತಿರುಪಿ, ಕಣ್ಣಿಗಿಟ್ಟು ನೋಡಿದಳು.

"ಎರಡೇ ಸಾವಿರಾನಾ ಅಂಕಲ್?"

ಚೌಕಾಸಿ ಶುರುವಾಯಿತು ಅಂದುಕೊಂಡು ನಾನು, "ಮೇಷ್ಟ್ರು ಹೇಳಿರೋದು ಅಷ್ಟಮ್ಮ. ಒಂದಿನ್ನೂರು ಕಮ್ಮಿ ಮಾಡ್ತಾರೇನೋ ಕೇಳ್ತೀನಿ" ಅಂದೆ.

"ಅಯ್ಯೋ, ಕಮ್ಮಿ ಅಲ್ಲ ಅಂಕಲ್! ಇದರ ಲೆನ್ಸ್ ಒಂದಕ್ಕೇ ಅದಕ್ಕಿಂತ ಜಾಸ್ತಿ ಬೆಲೆ ಇದೆ. ಅವರಿಗೆ ಗೊತ್ತಿಲ್ಲ ಅಂತ ಕಾಣುತ್ತೆ. ನಾನು ಐದು ಕೊಡ್ತೀನಿ."

ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. "ಸಾರ್, ಒಬ್ಬರು ಬಂದಿದಾರೆ. ನಿಮ್ಮ ಕ್ಯಾಮೆರಾಗೆ ಐದು ಸಾವಿರ ಕೊಡ್ತಾರಂತೆ."

ಮೇಷ್ಟ್ರು ಪಿಸುದನಿಯಲ್ಲಿ, "ಯಾವ ಲಿಂಕೂ ಒತ್ಬೇಡಿ. ಏನನ್ನೂ ಸ್ಕ್ಯಾನ್ ಮಾಡ್ಬೇಡಿ. ಅವರನ್ನ ಮಾತಾಡಿಸ್ತಾ ಇರಿ, ನಾನು ಬಂದೆ" ಅಂದು ಫೋನ್ ಇಟ್ಟರು.

ಆಟೋದಲ್ಲಿ ಬಂದಿಳಿದರು. ಕಂಕುಳಲ್ಲಿ ಛತ್ರಿ, ಮುಖದಲ್ಲಿ ಪೊಲೀಸ್ ಗಾಂಭೀರ್ಯ. ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಓಟಿಪಿ ಹೇಳಿಲ್ಲ ತಾನೇ?" ಅಂದರು. ಆಮೇಲೆ ಹುಡುಗಿಯ ಕಡೆ ತಿರುಗಿ ಯಾವ ಆಫೀಸು, ಯಾವ ಊರು, ಅಪ್ಪ ಏನು ಮಾಡುತ್ತಾರೆ, ಅಣ್ಣತಮ್ಮಂದಿರೆಷ್ಟು ಎಂದೆಲ್ಲ ವಿಚಾರಿಸಿದರು. ಅವಳು ಎಲ್ಲದಕ್ಕೂ ನಗುತ್ತಲೇ ಉತ್ತರ ಕೊಟ್ಟಳು.

"ನೋಡಮ್ಮ, ತಪ್ಪು ತಿಳ್ಕೋಬೇಡ. ದಿನಾ ಪೇಪರ್ ಓದ್ತೀನಿ. ಕೇಳಿದ್ದಕ್ಕಿಂತ ಜಾಸ್ತಿ ಕೊಡ್ತೀನಿ ಅಂದವರ ಕಥೆ ಎಲ್ಲಾ ಒಂದೇ ಥರ ಮುಗಿಯುತ್ತೆ."

"ಸಾರ್, ಎರಡು ಸಾವಿರ ಕೊಟ್ಟು ತಗೊಂಡು ಹೋಗಬಹುದಿತ್ತು. ಆದ್ರೆ ಇದರಲ್ಲಿ ಒಂದೊಂದು ಸಲ ಕಣ್ಣಿಟ್ಟಾಗಲೂ ನಿಮಗೆ ಮೋಸ ಮಾಡ್ದೆ ಅನ್ಸುತ್ತೆ. ಹಾಗಾದ್ರೆ ಫೋಟೋ ಹೆಂಗೆ ಚೆನ್ನಾಗಿ ಬರುತ್ತೆ ಹೇಳಿ?"

ಈ ಮಾತಿಗೆ ಮೇಷ್ಟ್ರು ಮೆತ್ತಗಾದರು. ಆದರೂ ಫೋನಿನಲ್ಲಿ ದುಡ್ಡು ಬೇಡ, ನೋಟೇ ಆಗಬೇಕು ಅಂದರು. ಅವಳು ಮೂಲೆಯ ಎಟಿಎಂಗೆ ಹೋಗಿ ತಂದಳು. ಮೇಷ್ಟ್ರು ಬಾಗಿಲಲ್ಲಿ ನಿಂತು ಒಂದೊಂದೇ ನೋಟನ್ನು ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿಕೊಂಡು ಪರೀಕ್ಷೆ ಮಾಡತೊಡಗಿದರು. ಅಷ್ಟರಲ್ಲಿ ಕ್ಲಿಕ್ ಅಂತ ಸದ್ದಾಯಿತು. ಕ್ಯಾಮೆರಾ ಕೆಲಸ ಮಾಡುತ್ತದೋ ಇಲ್ಲವೋ ಅವಳೂ ಪರೀಕ್ಷೆ ಮಾಡಬೇಕಲ್ಲ! ಒಳಗೆ ಹಳೆಯ ರೀಲು ಇನ್ನೂ ಉಳಿದಿತ್ತು ಅನ್ನುವುದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ರೀಲು ತೊಳೆಸಿದಾಗ ಮೇಷ್ಟ್ರು ತೆಗೆದಿದ್ದ ಚಿತ್ರಗಳೆಲ್ಲ ಮಸುಕು. ಬಿಸಿಲಿಗೆ ನೋಟು ಹಿಡಿದು ನಿಂತ ಮೇಷ್ಟ್ರದ್ದು, ಹುಡುಗಿ ತೆಗೆದ ಆ ಕೊನೆಯದೊಂದು ಮಾತ್ರ ಹರಳಿನ ಹಾಗೆ ನಿಚ್ಚಳವಾಗಿ ಬಂದಿತ್ತು. ಹುಡುಗಿ ಅದಕ್ಕೆ ಫ್ರೇಮು ಹಾಕಿಸಿ ಮೇಷ್ಟ್ರಿಗೆ ಕೊಟ್ಟಳು. ಮೇಷ್ಟ್ರು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಬಂದಿತ್ತು.

"ಎಂಥಾ ಕ್ಯಾಮೆರಾ!" ಅಂದರು ನನಗೆ. "ಎಂಟು ಸಾವಿರ ಕೇಳ್ಬೇಕಿತ್ತು."

ಬೆಳೆಯದ ಗಿಡ

ಅನ್ನಪೂರ್ಣೇಶ್ವರಿ ನಗರದ ಒಬ್ಬ ಆಂಟಿ ಇಪ್ಪತ್ತು ವರ್ಷದಿಂದ ಬೋನ್ಸಾಯ್ ಬೆಳೆಸುತ್ತಿದ್ದರು. ಹುಣಸೆ, ಅರಳಿ, ಆಲ, ಎಲ್ಲವೂ ಮೊಣಕೈ ಎತ್ತರಕ್ಕಿಂತ ಹೆಚ್ಚಿಲ್ಲ. ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದು ಅವರ ತಾರಸಿಗೆ ಬಿಸಿಲೇ ಬೀಳದಂತಾಯಿತು. ಗಿಡಗಳು ಎಲೆ ಉದುರಿಸತೊಡಗಿದವು. ಕಣ್ಣೆದುರೇ ಸಾಯುವುದಕ್ಕಿಂತ ಬಿಸಿಲಿರುವ ಯಾರದಾದರೂ ಮನೆಯಲ್ಲಿ ಬದುಕಲಿ ಅಂತ ಆಂಟಿ ಮನಸ್ಸು ಗಟ್ಟಿ ಮಾಡಿಕೊಂಡರು. ಗಿಡಗಳ ಫೋಟೋವನ್ನು ನನ್ನ ಶೋಕೇಸಿನಲ್ಲಿ ಅಂಟಿಸಿದೆವು. ಎಲ್ಲಾ ಸೇರಿ ಎಂಟು ಸಾವಿರ.

ಬಂದವನು ಗದಗದ ಕಡೆಯ ಹುಡುಗ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಶ್ರೀಗಂಧದ ಕಾವಲ್‌ನಲ್ಲಿ ತಾರಸಿಯ ಮೇಲಿನ ಒಂಟಿ ರೂಮಿನಲ್ಲಿ ವಾಸ. ತಾರಸಿ ತುಂಬ ಬಿಸಿಲು. ಆಂಟಿ ಅವನನ್ನು ನನ್ನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿಕೊಂಡು ಕೇಳಿದ ಪ್ರಶ್ನೆಗಳನ್ನು ನೀವು ಕೇಳಬೇಕಿತ್ತು.

"ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತೀಯಪ್ಪ?"

"ಆರಕ್ಕ ಏಳ್ತೀನ್ರೀ."

"ಸಿಗರೇಟು ಗಿಗರೇಟು?"

"ಇಲ್ರೀ."

"ಊರಿಗೆ ಹೋದ್ರೆ ನೀರು ಹಾಕೋರು ಯಾರು?"

"ಓನರ್ ಅಜ್ಜಿ ಅದಾರ್ರೀ." ಹುಡುಗ ಹಣೆ ಒರೆಸಿಕೊಂಡು ನನ್ನ ಕಡೆ ತಿರುಗಿ, "ಹೆಣ್ಣು ನೋಡಾಕ ಹೋದಾಗೂ ಇಷ್ಟ ಕೇಳಿದ್ದಿಲ್ರೀ ಸರ" ಅಂದ.

ಆಂಟಿಗೆ ಹುಡುಗ ಒಪ್ಪಿಗೆಯಾದ. ದುಡ್ಡು ಕೊಡುವಾಗ ಅವನು ಒಂಬತ್ತು ಸಾವಿರ ಮುಂದಿಟ್ಟ. ಆಂಟಿ ಒಂದು ಸಾವಿರ ಹಿಂದಕ್ಕೆ ತಳ್ಳಿದರು. ಅವನು ಮತ್ತೆ ಮುಂದಕ್ಕೆ ತಳ್ಳಿ, "ಇದು ಗಿಡಕ್ಕಲ್ರೀ. ಇಪ್ಪತ್ತು ವರ್ಷ ಬೆಳೆಸೀರಿ. ನನಗೇನೂ ಬರಂಗಿಲ್ಲ. ತಿಂಗಳಿಗೊಮ್ಮೆ ಬಂದು ನೋಡ್ರಿ, ಕಲಿಸಿಕೊಡ್ರಿ" ಅಂದ. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು ದುಡ್ಡು ತೆಗೆದುಕೊಂಡರು. ಈಗಿನ ಕಾಲದಲ್ಲಿ ಇಂಥ ಹುಡುಗರೂ ಇದ್ದಾರಲ್ಲ ಅಂತ ಅವತ್ತು ಮನೆಗೆ ಹೋಗಿ ಎಲ್ಲರಿಗೂ ಹೇಳಿದೆ.

ತಿಂಗಳಿಗೊಮ್ಮೆ ಅಂದಿದ್ದನಲ್ಲ, ಆಂಟಿ ಮಾರನೇ ದಿನವೇ ಹೋದರು. ಅದರ ಮಾರನೇ ದಿನವೂ ಹೋದರು. ಗಿಡ ನೋಡಿದ ಮೇಲೆ ಹುಡುಗನ ಅಡುಗೆಮನೆ ನೋಡಿದರು. ಅಲ್ಲಿ ಒಂದು ಪ್ಯಾಕೆಟ್ ಅವಲಕ್ಕಿ, ಒಂದು ಡಬ್ಬ ಶೇಂಗಾ ಚಟ್ನಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಅವತ್ತಿನಿಂದ ಗಿಡಕ್ಕೆ ಗೊಬ್ಬರ ಬಂದರೆ ಹುಡುಗನಿಗೆ ಬಿಸಿಬೇಳೆಬಾತು ಬರುತ್ತಿತ್ತು. ಗಿಡಕ್ಕೆ ಬೇವಿನ ಹಿಂಡಿ ಬಂದರೆ ಹುಡುಗನಿಗೆ ಒಬ್ಬಟ್ಟು. ಇಷ್ಟು ಸಾಲದು ಅಂತ ಅವನ ತಾಯಿಯ ನಂಬರು ಇಸಿದುಕೊಂಡು ಗದಗಕ್ಕೆ ಫೋನ್ ಮಾಡಿ, "ನಿಮ್ಮ ಮಗ ಸರಿಯಾಗಿ ತಿನ್ನಲ್ಲ ಕಣ್ರೀ" ಎಂದು ದೂರು ಕೊಟ್ಟರು. ತಾಯಿ ಮಗನ ಪೂರ್ತಿ ಜವಾಬ್ದಾರಿಯನ್ನು ಫೋನಿನಲ್ಲೇ ಆಂಟಿಗೆ ವಹಿಸಿಬಿಟ್ಟರಂತೆ.

ಕೆಲವು ತಿಂಗಳಾದ ಮೇಲೆ ಹುಡುಗ ಪಾಸ್‌ಪೋರ್ಟ್ ಫೋಟೋಗೆ ಬಂದ. ಕ್ಯಾಮೆರಾದಲ್ಲಿ ನೋಡಿದರೆ ಗುರುತೇ ಸಿಗಲಿಲ್ಲ. ಕೆನ್ನೆ ಎರಡೂ ತುಂಬಿ, ಅಂಗಿಯ ಗುಂಡಿ ಎಳೆದುಕೊಂಡಿತ್ತು.

"ಗಿಡ ಹೆಂಗಿವೆಯಪ್ಪ?" ಅಂದೆ.

"ಭಾಳ ಚಲೋ ಅದಾವ್ರೀ ಸರ, ಒಂದೆಲೀನೂ ಉದುರಿಲ್ಲ" ಅಂದು ಹೊಟ್ಟೆ ಸವರಿಕೊಂಡ. "ಅವು ಇದ್ದಷ್ಟ ಅದಾವು. ನಾ ಒಬ್ಬನ ಬೆಳ್ಯಾಕತ್ತೀನಿ."

ಓಪನಿಂಗ್ ಬ್ಯಾಟ್ಸ್‌ಮನ್

ಕೆಂಗೇರಿಯಿಂದ ಒಬ್ಬ ಕ್ರಿಕೆಟ್ ಬ್ಯಾಟು ತಂದಿಟ್ಟ. ಒಳ್ಳೆಯ ಬ್ಯಾಟು, ಅಂಚಿನಲ್ಲಿ ಬಿಟ್ಟರೆ ಎಲ್ಲೂ ಚೆಂಡಿನ ಗುರುತಿರಲಿಲ್ಲ. ಮದುವೆಯಾಗಿದೆ, ಇನ್ನು ಭಾನುವಾರ ಗ್ರೌಂಡಿಗೆ ಹೋಗಲು ಆಗುವುದಿಲ್ಲ ಅಂದ. ಸಾವಿರದ ಇನ್ನೂರು ಹೇಳಿದ.

ಅವತ್ತೇ ಸಂಜೆ ಅವನ ಟೀಮಿನವರೆಲ್ಲ ಬೈಕುಗಳಲ್ಲಿ ಬಂದರು. ಜೇಬಿನಿಂದ ಇನ್ನೂರು, ಮುನ್ನೂರು ತೆಗೆದು ಒಟ್ಟು ಹಾಕಿ ಎರಡು ಸಾವಿರ ಮಾಡಿ ನನ್ನ ಮೇಜಿನ ಮೇಲಿಟ್ಟರು. "ಪೂರ್ತಿ ಅವನಿಗೇ ಕೊಡಿ ಸಾರ್, ಚಿಲ್ಲರೆ ಬೇಡ."

ನಾನು ಫೋನ್ ಮಾಡಿ ಹೇಳಿದಾಗ ಬ್ಯಾಟಿನವನು ಕರಗಿಹೋದ. "ನನ್ನ ನೆನಪಿಗೆ ಅಂತ ತಗೊಂಡಿದಾರೆ ಸಾರ್. ಇಂಥ ಫ್ರೆಂಡ್ಸ್ ಯಾರಿಗೆ ಸಿಗ್ತಾರೆ?"

ನನಗೂ ಹಾಗೇ ಅನ್ನಿಸಿತು. ಕ್ಯಾಪ್ಟನ್ನಿನ ಬೆನ್ನು ತಟ್ಟಿ, "ದೊಡ್ಡ ಮನಸ್ಸು ಕಣಪ್ಪ ನಿಮ್ಮದು" ಅಂದೆ. ಅವನು ಸುತ್ತ ನೋಡಿ ಹತ್ತಿರ ಬಂದ.

"ಸಾರ್, ಮನಸ್ಸು ಅಂತಲ್ಲ. ಬ್ಯಾಟ್ ನಂದು, ನಾನೇ ಓಪನಿಂಗ್ ಅಂತ ಆರು ವರ್ಷದಿಂದ ಬರ್ತಾ ಇದ್ದ. ಎರಡನೇ ಬಾಲಿಗೆ ಔಟು. ಬ್ಯಾಟ್ ಮಾರಾಟ ಆಗ್ದೆ ಅವನ ಮನೆಗೇ ಹೋದ್ರೆ ಯಾವತ್ತಾದ್ರೂ ವಾಪಸ್ ಬಂದ್ಬಿಡ್ತಾನೆ ಗುರು ಅಂತ ಹುಡುಗ್ರೆಲ್ಲ ಹೆದರ್ಕೊಂಡಿದ್ರು."

ಆದರೆ ಸ್ನೇಹಿತರ ಪ್ರೀತಿ ಕಂಡ ಮೇಲೆ ಅವನಿಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಹೆಂಡತಿಗೂ ಇದೆಲ್ಲ ಹೇಳಿದನಂತೆ. ಆಕೆ ಪುಣ್ಯಾತ್ಗಿತ್ತಿ, ಇಷ್ಟು ಪ್ರೀತಿ ಇಟ್ಟಿರುವವರನ್ನು ಬಿಡಬೇಡಿ ಅಂತ ತಾನೇ ಕಳಿಸಿಕೊಟ್ಟಳು. ಹೆಚ್ಚಿಗೆ ಬಂದ ದುಡ್ಡಿನಲ್ಲಿ ಬಿಳಿ ಕೋಟು, ಬಿಳಿ ಟೋಪಿ ಕೊಂಡು ಭಾನುವಾರ ಗ್ರೌಂಡಿನಲ್ಲಿ ಹಾಜರಾದ. ಈಗ ಅವನೇ ಖಾಯಂ ಅಂಪೈರ್. ಸ್ನೇಹಿತ, ಕ್ಯಾಪ್ಟನ್ ಅಂತ ಯಾರ ಮುಖವನ್ನೂ ನೋಡದ ನಿಷ್ಪಕ್ಷಪಾತಿ ಅಂತ ಎದುರಾಳಿ ಟೀಮುಗಳವರು ಬಹಳ ಹೊಗಳುತ್ತಾರೆ. ಕ್ಯಾಪ್ಟನ್ ಮೊನ್ನೆ ಸಿಕ್ಕಿದ್ದ. "ಈಗ ನಾವೆಲ್ಲ ಎರಡನೇ ಬಾಲಿಗೆ ಔಟ್ ಸಾರ್" ಅಂದ.

ಹಸಿರು ದೀಪದ ರೇಡಿಯೋ

ವಿಜಯನಗರದ ಒಬ್ಬರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಹಳೆಯ ರೇಡಿಯೋಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಹಾಡಿಸುವುದು ಅವರ ಹುಚ್ಚು. ಅವರ ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹಾಲಿನಲ್ಲಿ ನೆಂಟರಿಗೆ ಕೂರಲು ಜಾಗವಿಲ್ಲ, ಎಲ್ಲಿ ಕೈಯಿಟ್ಟರೂ ತಿರುಪು, ತಂತಿ. ಮನೆಗೆ ಬಣ್ಣ ಬಳಿಸುವಾಗ ಜಗಳ ಹತ್ತಿಕೊಂಡಿತು. ಒಂದೊಂದಾಗಿ ರೇಡಿಯೋಗಳು ಹೋಗಿ ಕೊನೆಗೆ ಒಂದು ಉಳಿಯಿತು. ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ. ಸ್ಟೇಷನ್ ಸರಿಯಾಗಿ ಸಿಕ್ಕರೆ ಮುಂದೆ ಒಂದು ಹಸಿರು ದೀಪ ಕಣ್ಣು ಬಿಟ್ಟ ಹಾಗೆ ಹೊಳೆಯುತ್ತಿತ್ತು.

ಅದನ್ನೂ ಒಂದು ದಿನ ಗಂಡ ಹೆಂಡತಿ ಇಬ್ಬರೂ ಆಟೋದಲ್ಲಿ ತಂದರು. ಇಬ್ಬರ ಮುಖವೂ ಊದಿಕೊಂಡಿತ್ತು.

"ಮೂರು ಸಾವಿರ" ಅಂದರು ಯಜಮಾನರು. "ಇವತ್ತೇ ಹೋದ್ರೆ ಇನ್ನೂ ಸಂತೋಷ."

"ಎರಡಕ್ಕೆ ಕೇಳಿದ್ರೂ ಕೊಟ್ಬಿಡಿ" ಅಂದರು ಟೀಚರ್.

ಒಬ್ಬರ ಮುಖ ಒಬ್ಬರು ನೋಡದೆ ಹೋದರು. ಯಜಮಾನರು ಮೆಟ್ಟಿಲಿಳಿಯುವಾಗ ಒಂದು ಸಲ ಹಿಂತಿರುಗಿ ರೇಡಿಯೋ ಕಡೆ ನೋಡಿದ್ದನ್ನು ನಾನು ಕಂಡೆ. ಟೀಚರ್ ಆಟೋ ಹತ್ತುವಾಗ ನೋಡಿದ್ದನ್ನೂ ಕಂಡೆ. ಆಗ ನನಗೆ ಏನೂ ಹೊಳೆಯಲಿಲ್ಲ.

ಎರಡು ಮೂರು ದಿನ ಕಳೆದಿರಬೇಕು. ಬೆಳಗ್ಗೆ ಅಂಗಡಿ ತೆರೆಯುತ್ತಿದ್ದ ಹಾಗೆ ಊಟದ ಬ್ಯಾಗ್ ಹಿಡಿದ ಒಬ್ಬರು ಬಂದು ರೇಡಿಯೋ ತೋರಿಸಿ, "ಅದನ್ನ ಪ್ಯಾಕ್ ಮಾಡಿ" ಅಂದರು. ಅದೇ ಹೊತ್ತಿಗೆ ಸ್ಕೂಟರಿನಿಂದ ಹೆಲ್ಮೆಟ್ ಹಾಕಿಕೊಂಡೇ ಇಳಿದ ಇನ್ನೊಬ್ಬರು, "ರೀ ಸ್ವಾಮಿ, ಆ ರೇಡಿಯೋ ನನಗೆ" ಅಂದರು.

"ನಾನು ಮೊದಲು ಬಂದಿದೀನಿ. ಮೂರು ಸಾವಿರ, ತಗೊಳ್ಳಿ."

"ನಾನು ಮೂರೂವರೆ ಕೊಡ್ತೀನಿ."

ಊಟದ ಬ್ಯಾಗಿನವರು ಒಂದು ನಿಮಿಷ ಅಂತ ಹೊರಗೆ ಹೋಗಿ, ಹೊಂಗೆ ಮರದ ಕೆಳಗೆ ನಿಂತು ಫೋನಿನಲ್ಲಿ ಪಿಸುಗುಟ್ಟಿ ಬಂದು, "ನಾಲ್ಕು" ಅಂದರು. ಹೆಲ್ಮೆಟ್ಟಿನವರು ನನ್ನ ಸ್ಟುಡಿಯೋದ ಪರದೆಯ ಹಿಂದೆ ಹೋಗಿ ಫೋನ್ ಮಾಡಿ ಬಂದು, "ಐದು" ಅಂದರು. ಒಬ್ಬರು ಮರದ ಕೆಳಗೆ, ಒಬ್ಬರು ಪರದೆಯ ಹಿಂದೆ. ಬೆಲೆ ಆರಾಯಿತು, ಏಳಾಯಿತು. ಜೆರಾಕ್ಸಿಗೆ ಬಂದವರು ಜೆರಾಕ್ಸು ಮರೆತು ನಿಂತರು.

ನನಗೆ ತಡೆಯಲಾಗಲಿಲ್ಲ. "ಸಾರ್, ಅದು ಹಾಡುತ್ತೋ ಇಲ್ವೋ ಅಂತ ಇಬ್ಬರಲ್ಲಿ ಒಬ್ಬರೂ ಕೇಳ್ಲಿಲ್ವಲ್ಲ?"

"ಹಾಡ್ದಿದ್ರೂ ಪರವಾಗಿಲ್ಲ" ಅಂದರು ಇಬ್ಬರೂ ಒಟ್ಟಿಗೆ.

ಹೆಲ್ಮೆಟ್ಟಿನವರು ಬೆವೆತು ಹೋಗಿದ್ದರು. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವ ಗಡಿಬಿಡಿಯಲ್ಲಿ, ಕಟ್ ಮಾಡದೆ ಮೇಜಿನ ಮೇಲಿಟ್ಟ ಫೋನಿನ ಸ್ಪೀಕರ್ ಆನ್ ಆಯಿತು. ಒಬ್ಬ ಹೆಂಗಸಿನ ದನಿ ಅಂಗಡಿ ತುಂಬ ಕೇಳಿಸಿತು.

"ಎಷ್ಟಾದ್ರೂ ಆಗ್ಲಿ ಬಿಡ್ಬೇಡ ಕಣೋ! ಅದು ಹೋದಾಗಿಂದ ನಿಮ್ಮ ಭಾವ ಸರಿಯಾಗಿ ಊಟ ಮಾಡಿಲ್ಲ, ಮಾತಾಡಿಲ್ಲ. ಬೆಳಗ್ಗೆ ಆ ಕರಕರ ಶಬ್ದ ಇಲ್ದೆ ನಂಗೂ ಎದ್ದ ಹಾಗೇ ಇಲ್ಲ. ಭಾವಂಗೆ ಮಾತ್ರ ಗೊತ್ತಾಗ್ಬಾರ್ದು."

ಅದು ಟೀಚರ್ ದನಿ. ಬಂದಿದ್ದವರು ಅವರ ತಮ್ಮ.

ಊಟದ ಬ್ಯಾಗಿನವರು ಬಾಯಿ ತೆರೆದುಕೊಂಡು ನಿಂತರು. ಅವರ ಫೋನಿನಲ್ಲೂ ಕರೆ ನಡೆಯುತ್ತಲೇ ಇತ್ತು. ಏನು ಮಾಡಬೇಕೋ ತಿಳಿಯದೆ ಅವರೂ ಸ್ಪೀಕರ್ ಹಾಕಿ, ಫೋನನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಒಳಗಿನಿಂದ ಸೂಪರಿಂಟೆಂಡೆಂಟರ ದನಿ ಬಂತು. ಇವರು ಅವರ ಆಫೀಸಿನವರು!

"ಯಾಕ್ರೀ ಸುಮ್ನಾದ್ರಿ? ಎಂಟು ಅನ್ರೀ! ಯಾವನ್ರೀ ಅವನು, ಹಳೇ ರೇಡಿಯೋಗೆ ಏಳು ಸಾವಿರ ಕೊಡೋನು? ಹುಚ್ಚು ಗಿಚ್ಚು ಹಿಡಿದಿದೆಯಾ?"

ಪಕ್ಕದ ಫೋನು ತಕ್ಷಣ ಉತ್ತರ ಕೊಟ್ಟಿತು. "ಹುಚ್ಚು ಅಂತ ಯಾರಿಗ್ರೀ ಅಂತಿದೀರ?"

ಎರಡು ಫೋನುಗಳೂ ಮೇಜಿನ ಮೇಲೆ ಅಕ್ಕಪಕ್ಕ ಕೂತಿದ್ದವು.

"ನೀನಾ?" ಅಂತು ಒಂದು.

"ನೀವಾ?" ಅಂತು ಇನ್ನೊಂದು.

ಮತ್ತೆ ಟೀಚರ್ ದನಿ: "ಎಂಟು ಸಾವಿರ ಎಲ್ಲಿಂದ ಬಂತು ನಿಮ್ಮ ಹತ್ರ?"

"ನಿನ್ನ ಹತ್ರ ಏಳು ಎಲ್ಲಿಂದ ಬಂತು?"

ಎರಡೂ ಫೋನು ಒಟ್ಟಿಗೆ ಕಟ್ಟಾದವು. ಭಾವಮೈದುನ ಮತ್ತು ಆಫೀಸಿನವರು ಒಬ್ಬರನ್ನೊಬ್ಬರು ನೋಡಿ ನಗಲಾರದೆ ನಕ್ಕು, ಪಕ್ಕದ ದರ್ಶಿನಿಗೆ ಕಾಫಿ ಕುಡಿಯಲು ಹೋದರು.

ಸಂಜೆ ಗಂಡ ಹೆಂಡತಿ ಇಬ್ಬರೂ ಬಂದರು. ಹೆಣ್ಣು ಗಂಡು ಮೊದಲ ಸಲ ಎದುರಾದಾಗ ನಿಲ್ಲುವ ಹಾಗೆ ಶೋಕೇಸಿನ ಆ ಕಡೆಗೊಬ್ಬರು, ಈ ಕಡೆಗೊಬ್ಬರು ನಿಂತುಕೊಂಡರು. ನಾನು ರೇಡಿಯೋದ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿದೆ. ಕರಕರ ಅಂದು, ಗೊರಗೊರ ಅಂದು, ಕೊನೆಗೆ ಯಾವುದೋ ಸ್ಟೇಷನ್ನು ಸಿಕ್ಕಿ ಹಸಿರು ದೀಪ ಹೊಳೆಯಿತು. ಯಜಮಾನರ ಮುಖವೂ ಹೊಳೆಯಿತು. ಟೀಚರ್ ಗಂಡನ ಮುಖವನ್ನೇ ನೋಡುತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷವಾದ ಮೇಲೂ ಹೀಗೆ ನೋಡುವವರನ್ನು ನನ್ನ ಕ್ಯಾಮೆರಾದ ಹಿಂದಿನಿಂದ ನಾನು ಹೆಚ್ಚು ಕಂಡಿಲ್ಲ.

ಆದರೂ ವ್ಯವಹಾರ ವ್ಯವಹಾರವೇ. ನಾನು ಗಂಭೀರವಾಗಿ, "ಸಾರ್, ನೀವು ಹೇಳಿದ್ದು ಮೂರು ಸಾವಿರ. ಈಗ ಎಂಟು ಸಾವಿರಕ್ಕೆ ಬಂದು ನಿಂತಿದೆ. ಮಾರೋರೂ ನೀವೇ, ತಗೊಳ್ಳೋರೂ ನೀವೇ. ಏನ್ ಮಾಡ್ಲಿ, ಕೊಟ್ಬಿಡ್ಲಾ?" ಅಂದೆ.

ಯಜಮಾನರು ಹೆಂಡತಿಯ ಮುಖ ನೋಡಿದರು. ಟೀಚರ್ ಮುಂದೆ ಬಂದು ರೇಡಿಯೋದ ಮೇಲೆ ಕೈಯಿಟ್ಟು, ಸೆರಗಿನಿಂದ ಅದರ ಧೂಳು ಒರೆಸಿದರು.

"ಇಲ್ಲ" ಅಂದರು. "ಅಷ್ಟು ಕಮ್ಮಿಗೆಲ್ಲ ನಾವು ಕೊಡಲ್ಲ."